ಹಿತ್ತಲಿಗೆ ಬಂದ ಪರದೇಶಿಗಳು

ಈ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ನಾವು ವಿಜಯಪುರದ ನಮ್ಮ ಮನೆಯ ಹಿತ್ತಲಿನಲ್ಲಿ ಮೂರು ಅಪರಿಚಿತ ಕಾಯಿಪಲ್ಯಗಳನ್ನು ಹಾಕಿ ನೋಡಿದೆವು. ಒಂದು ಜುಕಿನಿ, ಇನ್ನೊಂದು ಬ್ರೊಕೊಲಿ, ಮತ್ತೊಂದು ಲೆಟಿಸ್ ಎಂಬ ಸೊಪ್ಪು. ಬೀಜದ ಪೊಟ್ಟಣಗಳ ಮೇಲಿನ ಚಿತ್ರಗಳು ಬಹು ಸೊಗಸಾಗಿದ್ದುವು. ನೆಲದಿಂದ ಎದ್ದುಬಂದದ್ದು ಅಷ್ಟು ಸೊಗಸಾಗಿರಲಿಲ್ಲ. ಬ್ರೊಕೊಲಿ ನಮ್ಮ ಊರಿನ ಸೆಕೆಗೆ ಹೆದರಿ, ಗಡ್ಡೆ ಕಟ್ಟುವ ಮೊದಲೇ ಹಳದಿ ಹೂ ಬಿಟ್ಟು ಕೈ ತೊಳೆದುಕೊಂಡಿತು. ಲೆಟಿಸ್ ಬೇವಿಗೆ ಎಣೆಯಾಗಿ ಕಹಿಯಾಯಿತು. ಜುಕಿನಿ ಮಾತ್ರ ಕರಿಯ ಮಣ್ಣನ್ನು ಮೆಚ್ಚಿ, ಬಚ್ಚಲ ನೀರು ಹರಿಯುವ ಕಡೆಗೆ ಮೈ ಚಾಚಿ, ಮನೆಯವರೆಲ್ಲ ತಿಂದರೂ ತೀರದಷ್ಟು ಕಾಯಿ ಬಿಟ್ಟಿತು.

ಮೊದಲನೆಯ ಕಾಯಿಯನ್ನು ಕೊಯ್ದು ನಮ್ಮ ತಾಯಿಯವರ ಮುಂದಿಟ್ಟಾಗ ಅವರು ಅದನ್ನು ಹಿಂದೆ ಮುಂದೆ ತಿರುವಿ ನೋಡಿ, “ಸೌತಿಕಾಯಿ ಅಂದ್ರ ಸೌತಿಕಾಯಿ ಅಲ್ಲ, ಕುಂಬಳಕಾಯಿ ಅಂದ್ರ ಕುಂಬಳಕಾಯಿ ಅಲ್ಲ. ಇದರ ಕುಲಾ ಯಾವದೋ?” ಎಂದು ಕೇಳಿದರು. ಹಬ್ಬದ ದಿನ ಮಾತ್ರ ಇದನ್ನು ಒಲೆಯ ಹತ್ತಿರ ತರಕೂಡದೆಂದೂ ಆಜ್ಞೆಯಾಯಿತು; ಏಕೆಂದರೆ ಅದು “ಶಾಸ್ತ್ರದಾಗ ಇಲ್ಲದ್ದು.” ಹೀಗೆ ಹೇಳುವಾಗ ಅವರ ಸೆರಗಿನಲ್ಲಿ ಆಗ ತಾನೆ ಕೊಯ್ದ ಹಿಡಿ ಹಸಿಮೆಣಸಿನಕಾಯಿ ಇದ್ದಿತು. ನಮಗೆ ನಗು ಬಂದಿತು. ಬಳಿಕ ಯೋಚನೆಯೂ ಬಂದಿತು. ಮೆಣಸಿನಕಾಯಿಯೂ ಶಾಸ್ತ್ರದಲ್ಲಿ ಇಲ್ಲದ್ದೇ. ನಾನೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ಯಾವಳೋ ಒಬ್ಬ ತಾಯಿ ಅದನ್ನೂ ಹೀಗೆಯೇ ತಿರುವಿ ನೋಡಿ, ಇದರ ಕುಲ ಯಾವುದೆಂದು ಕೇಳಿರಬೇಕು. ಆ ಪ್ರಶ್ನೆಗೆ ಉತ್ತರ ದೊರೆತುದು ಹೇಗೆ ಎಂಬುದೇ ಈ ಹೊತ್ತಿನ ನಮ್ಮ ವಿಷಯ.

ಮೆಣಸಿನಕಾಯಿಯಿಲ್ಲದ ವಿಜಯಪುರವನ್ನು ಕಲ್ಪಿಸಿಕೊಳ್ಳುವುದು ಶ್ರೋತೃಗಳಿಗೆ ಸುಲಭವಲ್ಲ. ನಮ್ಮ ಸೀಮೆಯ ಊಟದ ತಾಟಿನಲ್ಲಿ ಏನಿರುತ್ತದೆ? ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿಯನ್ನು ಅರೆದ ರಂಜಕ, ಉಳ್ಳಾಗಡ್ಡಿ, ಒಂದು ಹಿಡಿ ಹಸಿ ಮೆಂತ್ಯದ ಸೊಪ್ಪು. ಇವುಗಳಲ್ಲಿ ಶೇಂಗಾ ದಕ್ಷಿಣ ಅಮೆರಿಕೆಯದು, ಮೆಣಸಿನಕಾಯಿಯೂ ಅಮೆರಿಕೆಯದೇ. ಜೋಳವಂತೂ ಆಫ್ರಿಕಾ ಖಂಡದಲ್ಲಿ ಹುಟ್ಟಿ ಸಾವಿರಾರು ವರ್ಷಗಳ ಹಿಂದೆ ಈ ನಾಡಿಗೆ ಬಂದ ಕಾಳು. ಆದರೆ ಅದು ಬಂದು ಎಷ್ಟು ಕಾಲವಾಯಿತೆಂದರೆ, ಒಡೆಯನ ಅನ್ನದ ಋಣಕ್ಕೆ ಪ್ರಾಣ ಕೊಡುವುದಕ್ಕೆ ನಮ್ಮ ಹಳೆಯ ಕವಿಗಳು ಜೋಳವಾಳಿ ಎಂದೇ ಹೆಸರಿಟ್ಟರು. ಪರದೇಶದಿಂದ ಬಂದ ಕಾಳೇ ಸ್ವಾಮಿನಿಷ್ಠೆಗೆ ಹೆಸರಾಯಿತು. ಇಂಥ ಮರ್ಯಾದೆ ಮನುಷ್ಯರಲ್ಲಿ ಬಂದವರಿಗೂ ಅಪರೂಪ.

ಪೂರ್ವಕಾಲದ ಅಡಿಗೆಯ ವಿಷಯದಲ್ಲಿ ನಮಗೆ ಸಾಕ್ಷ್ಯಕ್ಕೆ ಕೊರತೆಯಿಲ್ಲ. ವಿಜಯಪುರದ ಸುತ್ತಣ ಪ್ರದೇಶ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ ತರ್ದವಾಡಿ ಸಾಸಿರವೆಂಬ ನಾಡಿಗೆ ಸೇರಿದ್ದಿತು. ಆ ಮನೆತನದ ಜಯಸಿಂಹನ ಕಾಲದಲ್ಲಿ, ಕ್ರಿ. ಶ. 1025ರ ಸುಮಾರಿನಲ್ಲಿ, ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ಲೋಕೋಪಕಾರವೆಂಬ ಗ್ರಂಥವನ್ನು ರಚಿಸಿದನು. ಮನೆ ಕಟ್ಟುವುದರಿಂದ ಹಿಡಿದು ಮಳೆಯ ಲಕ್ಷಣ, ಗಿಡಮರಗಳ ಆರೈಕೆ, ಅಡಿಗೆ, ಔಷಧ—ಗೃಹಸ್ಥನಿಗೆ ಬೇಕಾದುದೆಲ್ಲ ಅದರಲ್ಲಿ ಉಂಟು. ಅದೇ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸವನ್ನು ಬರೆಯಿಸಿ, ಅರಸನ ಊಟಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. 16ನೆಯ ಶತಮಾನದ ಆರಂಭಕಾಲದವನಾದ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ಹಾಡಿ, ಬದನೆಕಾಯೊಂದನ್ನೇ ಎಷ್ಟೋ ಬಗೆಯಲ್ಲಿ ಬೇಯಿಸುವ ಕ್ರಮವನ್ನು ಹೇಳಿದನು. ಈ ಮೂವರ ಪಾಕಗಳಲ್ಲಿಯೂ ಖಾರ ಉಂಟು. ಆದರೆ ಅದು ಕರಿಮೆಣಸಿನ ಖಾರ, ಹಿಪ್ಪಲಿಯ ಖಾರ, ಶುಂಠಿಯ ಖಾರ. ಮೆಣಸೆಂದರೆ ಮಲೆನಾಡಿನ ಬಳ್ಳಿಯ ಕಾಳು. ಗಿಡದಲ್ಲಿ ತೂಗುವ ಕೆಂಪು ಕಾಯಲ್ಲ. ಟೊಮ್ಯಾಟೊ ಇಲ್ಲ, ಬಟಾಟೆಯಿಲ್ಲ, ಶೇಂಗಾ ಇಲ್ಲ. ಇಷ್ಟಿಲ್ಲದೆಯೂ ಚಾಲುಕ್ಯ ಚಕ್ರವರ್ತಿಗಳು ಸುಖವಾಗಿ ಉಂಡರೆಂಬುದರಲ್ಲಿ ಸಂದೇಹವಿಲ್ಲ.

ಬದಲಾವಣೆಗೆ ಬಾಗಿಲು ತೆರೆದುದು 1510ರಲ್ಲಿ. ಆ ವರ್ಷ ಆಲ್ಬುಕರ್ಕನು ಗೋವೆಯನ್ನು ಗೆದ್ದನು. ಗೋವೆ ಅದುವರೆಗೆ ಯಾರ ಕೈಯಲ್ಲಿದ್ದಿತು? ವಿಜಯಪುರದ ಆದಿಲ್ ಶಾಹಿಗಳ ಕೈಯಲ್ಲಿ. ಅವರು ನಡುವೆ ಕೆಲವು ತಿಂಗಳು ಅದನ್ನು ಮರಳಿ ಪಡೆದರೂ ನವೆಂಬರಿನಲ್ಲಿ ಅದು ಕೊನೆಯ ಬಾರಿಗೆ ಕೈಬಿಟ್ಟಿತು. ಈ ಸೋಲಿನ ಕಥೆಯನ್ನು ಚರಿತ್ರೆಯ ಪುಸ್ತಕಗಳು ವಿಸ್ತಾರವಾಗಿ ಹೇಳುತ್ತವೆ. ಅದರ ಫಲವಾಗಿ ನಮ್ಮ ಅಡಿಗೆಮನೆಗೆ ಆದ ಲಾಭವನ್ನು ಮಾತ್ರ ಹೇಳುವುದಿಲ್ಲ. ಪೋರ್ಚುಗೀಸರ ಹಡಗುಗಳು ಒಂದು ಕಡೆ ಬ್ರೆಜಿಲ್ಲಿಗೂ ಇನ್ನೊಂದು ಕಡೆ ಗೋವೆಗೂ ಹೋಗಿಬರುತ್ತಿದ್ದುವು. ಬ್ರೆಜಿಲ್ಲಿನ ಬೀಜ ಗೋವೆಯಲ್ಲಿ ಇಳಿದರೆ, ಘಟ್ಟ ಹತ್ತಿದ ಕೂಡಲೆ ಆದಿಲ್ ಶಾಹಿ ರಾಜ್ಯ. ಯುದ್ಧವಿದ್ದಾಗ ಸೈನಿಕರೂ, ಯುದ್ಧವಿಲ್ಲದಾಗ ವರ್ತಕರೂ ಆ ಘಟ್ಟವನ್ನು ಹತ್ತಿ ಇಳಿಯುತ್ತಲೇ ಇದ್ದರು. ಹಿಂದೂಸ್ಥಾನದ ಒಳನಾಡಿನ ರಾಜಧಾನಿಗಳಲ್ಲಿ ಹೊಸ ಜಗತ್ತಿಗೆ ವಿಜಯಪುರದಷ್ಟು ಹತ್ತಿರವಾದುದು ಬಹುಶಃ ಬೇರೊಂದಿರಲಿಲ್ಲ.

ಆದರೂ ಮೆಣಸಿನಕಾಯಿ ಯಾವ ವರ್ಷ, ಯಾರ ಗಂಟಿನಲ್ಲಿ ಘಟ್ಟ ಹತ್ತಿತು ಎಂಬುದನ್ನು ಯಾವ ಬಖೈರುಗಾರನೂ ಬರೆದಿಡಲಿಲ್ಲ. ಅಕ್ಬರನ ಆಸ್ಥಾನದ ಅಬುಲ್ ಫಜಲನು 16ನೆಯ ಶತಮಾನದ ಕೊನೆಯಲ್ಲಿ ಬರೆದ ಐನ್-ಇ-ಅಕ್ಬರಿಯಲ್ಲಿ ಅನಾನಸು ಕಾಣಿಸುತ್ತದೆ. ಅದೂ ಅಮೆರಿಕೆಯ ಹಣ್ಣು. ಆದರೆ ಬೆಲೆಯುಳ್ಳದ್ದು, ಬಾದಶಹನ ಹರಿವಾಣದಲ್ಲಿ ಕುಳಿತುಕೊಳ್ಳುವ ಯೋಗ್ಯತೆಯುಳ್ಳದ್ದು. ಅದೇ ಗ್ರಂಥದ ಪಾಕಗಳಲ್ಲಿ ಮೆಣಸಿನಕಾಯಿಯಿಲ್ಲ. ಮೆಣಸಿನಕಾಯಿ ಅರಮನೆಯ ಹೆಬ್ಬಾಗಿಲಿನಿಂದ ಬರಲಿಲ್ಲ. ಹಿತ್ತಲ ಬಾಗಿಲಿನಿಂದ ಬಂದಿತು. ಕಾರಣವೂ ತಿಳಿಯದ್ದಲ್ಲ. ಕರಿಮೆಣಸಿನ ಬಳ್ಳಿಗೆ ಮಲೆನಾಡಿನ ನೆರಳೂ ಮಳೆಯೂ ಬೇಕು. ಬಯಲುಸೀಮೆಯವನು ಅದನ್ನು ಹಣ ತೆತ್ತೇ ಕೊಳ್ಳಬೇಕು. ಅದಕ್ಕಾಗಿಯೇ ಅಲ್ಲವೆ ಪೋರ್ಚುಗೀಸರು ಸಮುದ್ರಗಳನ್ನು ದಾಟಿ ಬಂದುದು? ಮೆಣಸಿನಕಾಯಿಯಾದರೋ ನಾಲ್ಕು ಬೀಜ ಬಿಸುಟರೆ ಬಯಲಿನಲ್ಲಿಯೂ ಏಳುತ್ತದೆ, ಒಂದೇ ಹಂಗಾಮಿನಲ್ಲಿ ಕಾಯಿ ಬಿಡುತ್ತದೆ, ಒಣಗಿಸಿ ಗಡಿಗೆಯಲ್ಲಿಟ್ಟರೆ ವರ್ಷವೆಲ್ಲ ಬರುತ್ತದೆ. ಮೆಣಸಿಗಾಗಿ ಬಂದ ಪೋರ್ಚುಗೀಸರೇ ಮೆಣಸಿನ ಅಗತ್ಯವನ್ನು ಬಡವನ ಮನೆಯಿಂದ ತೆಗೆದುಹಾಕುವ ಗಿಡವನ್ನು ತಂದು ನೆಟ್ಟರು. ಅವರು ಇದನ್ನು ಯೋಚಿಸಿ ಮಾಡಿದರೆಂದು ನಾವು ತಿಳಿಯುವುದಿಲ್ಲ.

ಹಿತ್ತಲಿನಲ್ಲಿ ನಡೆದ ಪರೀಕ್ಷೆಯ ದಾಖಲೆಯಿಲ್ಲದಿದ್ದರೂ, ಅದೇ ಹಾದಿಯಿಂದ ಬಂದ ಇನ್ನೊಂದು ಗಿಡದ ವಿಚಾರಣೆ ಒಂದು ರಾಜಸಭೆಯಲ್ಲಿ ನಡೆದು, ಅದರ ವರದಿ ನಮಗೆ ಉಳಿದುಬಂದಿದೆ. ಆ ಗಿಡ ಕಾಯಿಪಲ್ಯವಲ್ಲ, ತಂಬಾಕು. ಆದರೆ ಅಪರಿಚಿತ ಸಸ್ಯವೊಂದನ್ನು ಒಪ್ಪಬೇಕೆ ಬಿಡಬೇಕೆ ಎಂಬ ವಾದ ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ದೊರೆಯುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

ಕ್ರಿ. ಶ. 1604ರ ಸುಮಾರಿನಲ್ಲಿ ಅಕ್ಬರನು ಅಸದ್ ಬೇಗನೆಂಬ ಅಧಿಕಾರಿಯನ್ನು ವಿಜಯಪುರಕ್ಕೆ ಕಳುಹಿಸಿದನು. ಆಗ ಇಲ್ಲಿ ಆಳುತ್ತಿದ್ದವನು ಎರಡನೆಯ ಇಬ್ರಾಹಿಂ ಆದಿಲ್ ಶಾಹ. ಸಂಗೀತಪ್ರಿಯ, ಕಿತಾಬ್-ಇ-ನೌರಸ್ ಎಂಬ ಗೀತಗ್ರಂಥದ ಕರ್ತೃ. ಅವನ ಮಗಳನ್ನು ರಾಜಕುಮಾರ ದಾನಿಯಾಲನಿಗೆ ತರುವ ಕಾರ್ಯ ನಿಧಾನವಾಗುತ್ತಿದ್ದುದರಿಂದ ಅದನ್ನು ಪೂರೈಸುವುದಕ್ಕಾಗಿ ಅಸದ್ ಬೇಗನು ಬಂದನು. ಬಂದವನು ಊರನ್ನು ಕಂಡು ಬೆರಗಾದನು. ಎರಡು ಹರದಾರಿಯಷ್ಟು ಉದ್ದವಾದ ವಿಶಾಲವಾದ ಪೇಟೆಬೀದಿ, ಪ್ರತಿಯೊಂದು ಅಂಗಡಿಯ ಮುಂದೆಯೂ ಒಂದು ಹಸುರು ಮರ, ರತ್ನಪಡಿವ್ಯಾಪಾರಿಗಳು, ಆಯುಧದವರು, ರೊಟ್ಟಿಯವರು, ಸುಗಂಧದವರು—ಇವನ್ನೆಲ್ಲ ಅವನು ತನ್ನ ವೃತ್ತಾಂತದಲ್ಲಿ ಬಣ್ಣಿಸಿದ್ದಾನೆ. ಇಂದು ಗೋಳಗುಮ್ಮಟವನ್ನು ನೋಡಲು ಬರುವವರು ತಿಳಿಯಬೇಕಾದುದೇನೆಂದರೆ, ಗುಮ್ಮಟ ಆಗ ಇನ್ನೂ ಹುಟ್ಟಿರಲಿಲ್ಲ. ಊರಿನ ಹೆಸರು ಪೇಟೆಯಿಂದಲೂ ವಿದ್ಯೆಯಿಂದಲೂ ಹಬ್ಬಿದ್ದಿತು.

ಈ ಪೇಟೆಯಲ್ಲಿ ಅಸದ್ ಬೇಗನಿಗೆ ತಾನು ಉತ್ತರದಲ್ಲಿ ಎಂದೂ ಕಾಣದ ಒಂದು ಎಲೆ ದೊರೆಯಿತು. ಅವನು ಅದನ್ನು ಕೊಂಡು, ಬಾದಶಹನಿಗೆ ಒಪ್ಪಿಸಲು ರತ್ನಖಚಿತವಾದ ಒಂದು ಧೂಮನಳಿಕೆಯನ್ನು ಮಾಡಿಸಿದನು. ತನಗೆ ದೊರೆತ ಯೆಮನ್ ದೇಶದ ಅಂಡಾಕಾರದ ಕೆಂಪು ಕಲ್ಲನ್ನು ಅದರ ಬಾಯಿಗೆ ಜೋಡಿಸಿದನು. ಆದಿಲ್ ಶಾಹನು ಕೊಟ್ಟಿದ್ದ ಸುಂದರವಾದ ತಾಂಬೂಲದ ಚೀಲದಲ್ಲಿ ಎಲೆಯನ್ನು ತುಂಬಿದನು. ಆಗ್ರಾದಲ್ಲಿ ಕಾಣಿಕೆಗಳನ್ನು ನೋಡುತ್ತಿದ್ದ ಅಕ್ಬರನ ಕಣ್ಣು ಇದರ ಮೇಲೆ ಬಿದ್ದಿತು. ಇದೇನೆಂದು ಕೇಳಿದನು. ಖಾನ್-ಇ-ಆಜಮನು, ಇದು ತಂಬಾಕು, ಮೆಕ್ಕಾ ಮದೀನಗಳಲ್ಲಿ ಎಲ್ಲರಿಗೂ ಗೊತ್ತು ಎಂದನು. ಬಾದಶಹನು ಅಸದ್ ಬೇಗನ ಮನಸ್ಸನ್ನು ನೋಯಿಸಬಾರದೆಂದು ನಳಿಕೆಯನ್ನು ಬಾಯಿಗಿಟ್ಟು ಎರಡು ಮೂರು ಸಲ ಸೇದಿದನು. ಅಷ್ಟರಲ್ಲಿಯೇ ವೈದ್ಯನು ಗಾಬರಿಯಿಂದ ಮುಂದೆ ಬಂದು ತಡೆದನು.

ವೈದ್ಯನ ವಾದ ಸರಳವಾದುದು. ಇದು ಯಾರೂ ಪರೀಕ್ಷಿಸದ ಔಷಧ; ನಮ್ಮ ಗ್ರಂಥಗಳಲ್ಲಿ ಇದರ ಹೆಸರಿಲ್ಲ; ಗುಣವೇ ತಿಳಿಯದ ವಸ್ತುವನ್ನು ಪ್ರಭುಗಳಿಗೆ ಹೇಗೆ ಕೊಡುವುದು? ಅಸದ್ ಬೇಗನು ಬಿಡಲಿಲ್ಲ. ಫರಂಗಿಗಳು ಇದನ್ನು ತಿಳಿಯದಷ್ಟು ಮೂಢರಲ್ಲ, ಅವರಲ್ಲಿಯೂ ಪ್ರಾಜ್ಞರುಂಟು. ನೋಡದೆ ಪರೀಕ್ಷಿಸದೆ ತೀರ್ಪು ಕೊಡುವುದು ಹೇಗೆ ಎಂದನು. ಫರಂಗಿಗಳನ್ನು ಅನುಸರಿಸುವುದು ನಮಗೆ ಬೇಡ ಎಂದು ವೈದ್ಯನು ಉತ್ತರಕೊಟ್ಟನು. ಆಗ ಅಸದ್ ಬೇಗನು ಹೇಳಿದ ಮಾತು ಇಂದಿಗೂ ಕೇಳತಕ್ಕದ್ದು: ಆದಮನ ಕಾಲದಿಂದ ಇಂದಿನವರೆಗೆ ಲೋಕದಲ್ಲಿರುವ ಪ್ರತಿಯೊಂದು ಪದ್ಧತಿಯೂ ಒಂದಲ್ಲ ಒಂದು ದಿನ ಹೊಸದಾಗಿಯೇ ಇದ್ದಿತು, ಈಗ ವೈದ್ಯರೆಲ್ಲ ಕೊಡುವ ಚೋಬಚೀನಿಯ ಬೇರನ್ನು ಪೂರ್ವಿಕರು ಅರಿತಿದ್ದರೇ? ಅಕ್ಬರನಿಗೆ ಇದು ಬಹಳ ಮೆಚ್ಚಿಗೆಯಾಯಿತು. ನಮ್ಮ ಪುಸ್ತಕಗಳಲ್ಲಿ ಕಾಣುವುದಿಲ್ಲವೆಂಬ ಮಾತ್ರಕ್ಕೆ ಇತರ ದೇಶದ ಪ್ರಾಜ್ಞರು ಒಪ್ಪಿದುದನ್ನು ತಳ್ಳಿಬಿಟ್ಟರೆ ನಾವು ಮುಂದುವರಿಯುವುದು ಹೇಗೆಂದು ಅವನು ಸಭೆಯಲ್ಲಿ ಹೇಳಿದನಂತೆ. ಆದರೂ ವೈದ್ಯನು ಒಪ್ಪಲಿಲ್ಲ. ಅವನನ್ನು ಒಪ್ಪಿಸುವುದು ಯಾರಿಂದಲೂ ಆಗಲಿಲ್ಲವೆಂದು ಬರೆದು ಅಸದ್ ಬೇಗನು, ಏನೇ ಆಗಲಿ ಆತ ಒಳ್ಳೆಯ ವೈದ್ಯ ಎಂದು ಒಂದು ಮಾತನ್ನು ಸೇರಿಸಿದ್ದಾನೆ. ಎದುರುವಾದಿಯ ವಿಷಯದಲ್ಲಿ ಇಷ್ಟು ಸೌಜನ್ಯ ನಮ್ಮ ಕಾಲೇಜುಗಳ ಚರ್ಚಾಕೂಟದಲ್ಲಿಯೂ ಕಾಣುವುದು ಕಡಿಮೆ.

ನಾವು ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಹೇಳಿದಾಗಲೆಲ್ಲ ಅವರು ಅಸದ್ ಬೇಗನ ಪಕ್ಷವನ್ನೇ ಹಿಡಿಯುತ್ತಾರೆ. ನಾವೂ ಬಹಳ ಕಾಲ ಹಾಗೆಯೇ ಹಿಡಿದಿದ್ದೆವು. ವಾದ ಅವನದು ಶ್ರೇಷ್ಠ, ಸಂದೇಹವಿಲ್ಲ. ಆದರೆ ಎಲೆ ಯಾವುದು? ತಂಬಾಕು. ಅಕ್ಬರನು ತಾನು ಆ ಅಭ್ಯಾಸವನ್ನು ಇಟ್ಟುಕೊಳ್ಳಲಿಲ್ಲ. ಸರದಾರರು ಇಟ್ಟುಕೊಂಡರು, ವರ್ತಕರು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ಅದು ದೇಹಕ್ಕೆ ಕೇಡೆಂದು ನಿಷೇಧಿಸಿದನು. ನಿಷೇಧವನ್ನು ಯಾರೂ ಲಕ್ಷಿಸಲಿಲ್ಲ. ತಂಬಾಕಿನಿಂದ ಅರ್ಬುದರೋಗ ಬರುತ್ತದೆಂದು 20ನೆಯ ಶತಮಾನದ ವೈದ್ಯಶಾಸ್ತ್ರ ಸ್ಥಾಪಿಸಿದ ಮೇಲೆ, ಆಗ್ರಾದ ಆ ಹಟಮಾರಿ ವೈದ್ಯನು ಗೆದ್ದನೆಂದೇ ಹೇಳಬೇಕು. ಸರಿಯಾದ ವಾದದಿಂದ ತಪ್ಪಾದ ಗಿಡ ಒಳಗೆ ಬಂದಿತು. ಅದೇ ಹೊತ್ತಿನಲ್ಲಿ, ಯಾರ ವಾದವೂ ಇಲ್ಲದೆ, ಮೆಣಸಿನಕಾಯಿ ಎಂಬ ಸರಿಯಾದ ಗಿಡ ಒಳಗೆ ಬಂದಿತು. ಸಭೆಯಲ್ಲಿ ಎಲೆಯ ಗುಣವನ್ನು ಮಾತಿನಿಂದ ಅಳೆದರು. ಹಿತ್ತಲಿನಲ್ಲಿ ಕಾಯಿಯ ಗುಣವನ್ನು ನಾಲಗೆಯಿಂದಲೂ ಹೊಟ್ಟೆಯಿಂದಲೂ, ಅಜ್ಜಿಯಿಂದ ಮೊಮ್ಮಗಳವರೆಗೆ ಅಳೆದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯುಂಟಷ್ಟೆ. ಗಾದೆ ಕಟ್ಟಿದವನು ಅಡಿಗೆಮನೆಯ ಕಡೆಗೆ ಹೋದವನಲ್ಲವೆಂದು ತೋರುತ್ತದೆ.

ದಾಖಲೆಯಿಲ್ಲವೆಂದೆವು, ಆದರೆ ಒಂದು ಬಗೆಯ ದಾಖಲೆ ಉಂಟು, ಅದು ಹೆಸರು. ಹೊಸ ಸೊಸೆ ಮನೆಗೆ ಬಂದಾಗ ಅವಳಿಗೆ ಗಂಡನ ಮನೆಯ ಹೆಸರಿಡುವುದುಂಟಲ್ಲವೆ? ಹಾಗೆಯೇ ನಮ್ಮ ಜನ ಪರದೇಶದ ಕಾಯಿಗೆ ಪರಿಚಿತವಾದ ಒಂದು ಕಾಯಿಯ ನೆಂಟಸ್ತಿಕೆಯನ್ನು ಕಟ್ಟಿ ಒಳಗೆ ಕರೆದುಕೊಂಡರು. ಖಾರದಲ್ಲಿ ಮೆಣಸನ್ನು ಹೋಲುವ ಕಾಯಿ ಮೆಣಸಿನಕಾಯಿ. ಟೊಮ್ಯಾಟೊ ಹಳೆಯ ಮೈಸೂರಿನಲ್ಲಿ ಚಪ್ಪರಬದನೆ. ಸಸ್ಯಶಾಸ್ತ್ರಜ್ಞರು ಬದನೆಯನ್ನೂ ಟೊಮ್ಯಾಟೊವನ್ನೂ ಒಂದೇ ಕುಟುಂಬಕ್ಕೆ ಸೇರಿಸುತ್ತಾರೆ. ನಮ್ಮ ಹೆಂಗಸರು ಪುಸ್ತಕ ನೋಡದೆ ಅದನ್ನು ಕಂಡುಕೊಂಡಿದ್ದರು. ಗೆಣಸೆಂಬ ಹಳೆಯ ಹೆಸರನ್ನು ಸಿಹಿಗೆಣಸು ಬಂದು ಆಕ್ರಮಿಸಿ, ಮೂಲದ ಗೆಣಸನ್ನೇ ಕಾಡಿಗೆ ಅಟ್ಟಿತು. ಬಟಾಟೆ, ಅನಾನಸು, ತಂಬಾಕು ಎಂಬುವು ಪೋರ್ಚುಗೀಸರ ಬಾಯಿಂದಲೇ ಬಂದ ಮಾತುಗಳು. ನಮ್ಮ ಕಡೆಯ ಪೇರಲಕ್ಕೆ ಮೂಲ ಅವರ ಪೇರಾ, ಎಂದರೆ ಮರಸೇಬು. ಪರಂಗಿಹಣ್ಣಿನಲ್ಲಿ ಫರಂಗಿಯೇ ಕುಳಿತಿದ್ದಾನೆ. ಮೈಸೂರಿನವರು ಸೀಮೆಬದನೆಯೆನ್ನುವ ಕಾಯಿಯ ಸೀಮೆಯಾದರೋ ಮೆಕ್ಸಿಕೋ ಕಡೆಯದು. ಅದು ಲಾಲ್‌ಬಾಗಿನ ಮೂಲಕ ಹರಡಿತು. 1874ರಿಂದ 1908ರವರೆಗೆ ಅಲ್ಲಿ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನನು ಇಂಥ ಎಷ್ಟೋ ಸಸ್ಯಗಳನ್ನು ನೆಟ್ಟು ನೋಡಿದನು. ಅವನಿಗೆ ಸರ್ಕಾರದ ಸಂಬಳ, ಮಾಲಿಗಳು, ನೀರು ಎಲ್ಲವೂ ಇದ್ದುವು. ಆದ್ದರಿಂದ ಅವನ ಹೆಸರೂ ಉಳಿದಿದೆ.

ಸೋಮನಾಥಪುರದ ಮಾತನ್ನು ಇಲ್ಲಿ ಎತ್ತದಿದ್ದರೆ ಮೈಸೂರಿನ ಮಿತ್ರರು ಕೇಳದೆ ಬಿಡುವುದಿಲ್ಲ. 13ನೆಯ ಶತಮಾನದ ಆ ಹೊಯ್ಸಳ ದೇವಾಲಯದ ವಿಗ್ರಹಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೆಂದು 1989ರಲ್ಲಿ ಜೊಹಾನೆಸೆನ್ ಮತ್ತು ಪಾರ್ಕರ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ವಾದಿಸಿದರು. ಹಾಗಾದರೆ ಕೊಲಂಬಸನಿಗಿಂತ ಮೊದಲೇ ಅಮೆರಿಕೆಯ ಧಾನ್ಯ ಕನ್ನಡನಾಡಿನಲ್ಲಿದ್ದಿತೆಂದಾಯಿತು. ಹೆಚ್ಚು ಜನ ವಿದ್ವಾಂಸರು ಒಪ್ಪಲಿಲ್ಲ. ಅದು ಮುತ್ತುಗಳನ್ನು ಹೊದಿಸಿದ ಕಲ್ಪಿತ ಫಲವೆಂದು ಕೆಲವರು ಹೇಳಿದರು. ನಮಗೂ ಹಾಗೆಯೇ ತೋರುತ್ತದೆ. ಮೆಕ್ಕೆಜೋಳ ನಾಡಿನಲ್ಲಿ ಇದ್ದಿದ್ದರೆ ದೇವರ ಕೈಯಲ್ಲಿ ಕಾಣುವುದಕ್ಕಿಂತ ಮೊದಲು ಅಡಿಗೆಯ ಗ್ರಂಥದಲ್ಲಿ ಕಾಣಬೇಕಾಗಿದ್ದಿತು.

ಇನ್ನೊಂದು ದಾಖಲೆ ಶ್ರಾದ್ಧದ ಅಡಿಗೆ. ನಮ್ಮ ಅನೇಕ ಮನೆಗಳಲ್ಲಿ ಆ ದಿನ ಮೆಣಸಿನಕಾಯಿ ನಿಷಿದ್ಧ. ಸಾರಿಗೂ ಹುಳಿಗೂ ಕರಿಮೆಣಸೇ. ಟೊಮ್ಯಾಟೊ, ಬಟಾಟೆ, ಕೋಸು ಒಳಗೆ ಬರುವಂತಿಲ್ಲ. ಬಾಳೆಕಾಯಿ, ಹಾಗಲಕಾಯಿ, ಸುವರ್ಣಗಡ್ಡೆಗಳಿಗೆ ಮಾತ್ರ ಪ್ರವೇಶ. ಪಿತೃಗಳು ಉಣ್ಣುತ್ತಿದ್ದುದನ್ನೇ ಪಿತೃಗಳಿಗೆ ಬಡಿಸಬೇಕಷ್ಟೆ! ಗೋವೆ ಕೈಬಿಡುವುದಕ್ಕೆ ಮೊದಲಿನ ಕನ್ನಡ ಅಡಿಗೆಮನೆ ಹೇಗಿದ್ದಿತೆಂದು ತಿಳಿಯಬೇಕಾದವನು ವಸ್ತುಸಂಗ್ರಹಾಲಯಕ್ಕೆ ಹೋಗಬೇಕಾಗಿಲ್ಲ. ವರ್ಷಕ್ಕೊಂದು ದಿನ ತನ್ನ ಮನೆಯಲ್ಲಿಯೇ ಅದನ್ನು ಉಣ್ಣಬಹುದು. ಹಾಗೆಂದು ಸಂಪ್ರದಾಯ ಹೊಸಬರಿಗೆ ಬಾಗಿಲನ್ನು ಪೂರ್ತಿಯಾಗಿ ಮುಚ್ಚಿತೆನ್ನುವಂತೆಯೂ ಇಲ್ಲ. ಏಕಾದಶಿಯ ದಿನ ನಮ್ಮ ಸೀಮೆಯಲ್ಲಿ ಏನು ತಿನ್ನುತ್ತಾರೆ? ಸಾಬೂದಾಣಿಯ ಉಸುಳಿ. ಸಾಬೂದಾಣಿ ಅಮೆರಿಕೆಯ ಮರಗೆಣಸಿನ ಹಿಟ್ಟು, 20ನೆಯ ಶತಮಾನದಲ್ಲಿ ಸೇಲಮ್ಮಿನ ಕಾರ್ಖಾನೆಗಳಿಂದ ಬಂದುದು. ಅದಕ್ಕೆ ಬೆರೆಸುವ ಶೇಂಗಾ ಅಮೆರಿಕೆಯದು, ಬಟಾಟೆ ಅಮೆ​ರಿಕೆಯದು, ಹಸಿಮೆಣಸಿನಕಾಯಿಯೂ ಅಲ್ಲಿಯದೇ. ಅಕ್ಕಿ ಗೋದಿಗಳನ್ನು ಶಾಸ್ತ್ರ ಹೆಸರಿಸಿ ತಡೆದಿತ್ತು, ಇವುಗಳ ಹೆಸರನ್ನೇ ಕೇಳಿರಲಿಲ್ಲ, ಆದ್ದರಿಂದ ತಡೆಯಲಿಲ್ಲ. ಶಾಸ್ತ್ರದಲ್ಲಿ ಇಲ್ಲವೆಂಬ ಒಂದೇ ಕಾರಣ ಶ್ರಾದ್ಧದಲ್ಲಿ ಬಾಗಿಲನ್ನು ಮುಚ್ಚಿತು, ಏಕಾದಶಿಯಲ್ಲಿ ತೆರೆಯಿತು. ನಮ್ಮ ತಾಯಿಯವರಿಗೆ ಇದನ್ನು ನಿವೇದಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ನಿನ್ನ ಕಾಯಿ ಏಕಾದಶಿಗೆ ಇಟ್ಕೋ,” ಎಂದರು.

ಹೊಸ ಗಿಡವನ್ನು ಒಪ್ಪುವುದು ಬಿಡುವುದು ಬರಿಯ ಮಡಿವಂತಿಕೆಯ ಪ್ರಶ್ನೆಯೆಂದು ಪಟ್ಟಣದ ನಾವು ಭಾವಿಸುವುದುಂಟು. ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾದ ಕಡೆಗೋ ನೈರುತ್ಯಕ್ಕೆ ಬಬಲೇಶ್ವರದ ಕಡೆಗೋ ಹೋದರೆ ಆ ಭಾವನೆ ಉಳಿಯುವುದಿಲ್ಲ. ಇಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರಿನಷ್ಟು. ಅದೂ ಬಂದರೆ ಬಂದಿತು. ಬಬಲೇಶ್ವರದ ದಾರಿಯಲ್ಲಿ ಸಾರವಾಡದ ಹತ್ತಿರ ಡೋಣಿ ನದಿಯನ್ನು ದಾಟುತ್ತೇವೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಪ್ರಸಿದ್ಧ. ಕರಿಯ ಮಣ್ಣು ಅಷ್ಟು ಫಲವತ್ತು. ನದಿಯ ನೀರಾದರೋ ಉಪ್ಪು. ಡೋಣಿ ಬೆಳೆಯದಿದ್ದರೆ? ಧಾತು ಸಂವತ್ಸರದ ಕ್ಷಾಮದಲ್ಲಿ, ಎಂದರೆ 1876ರಿಂದ 1878ರವರೆಗೆ, ಅದಕ್ಕೆ ಉತ್ತರ ದೊರೆಯಿತು. ಆಗ ಕಲಾದಗಿ ಜಿಲ್ಲೆಯೆಂದು ಹೆಸರಿದ್ದ ಈ ಪ್ರದೇಶದಲ್ಲಿ 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಸುಮಾರು ಐದರಲ್ಲೊಂದು ಪಾಲು ಜನ ಕಡಿಮೆಯಾಗಿದ್ದರು. ಇಂಥ ನೆಲದ ಒಕ್ಕಲಿಗನಿಗೆ ಹೊಲದಲ್ಲಿ ಹೊಸ ಬೀಜವನ್ನು ಹಾಕಿ ನೋಡು ಎನ್ನುವವನು ಮೊದಲು ತನ್ನ ಕಣಜವನ್ನು ಅವನಿಗೆ ಬಿಟ್ಟುಕೊಡಬೇಕು. ಹೊಲವೆಂದರೆ ವರ್ಷದ ಅನ್ನ. ಅಲ್ಲಿ ಪರೀಕ್ಷೆಗೆ ಎಡೆಯಿಲ್ಲ. ಹಿತ್ತಲೆಂದರೆ ಬಚ್ಚಲ ನೀರು ಕುಡಿದು ಬೆಳೆಯುವ ನಾಲ್ಕು ಮೊಳ ನೆಲ. ಕೆಟ್ಟರೆ ಒಂದು ಹೊತ್ತಿನ ಪಲ್ಯ ಕೆಟ್ಟಿತು. ಆದ್ದರಿಂದಲೇ ಪರದೇಶದ ಕಾಯಿಗಳೆಲ್ಲ ಹಿತ್ತಲಿನಲ್ಲಿ ಮೊದಲು ತಂಗಿ, ನಂಬಿಕೆ ಹುಟ್ಟಿದ ಮೇಲೆ ಹೊಲಕ್ಕೆ ಹೋದುವು. ಈ ಪರೀಕ್ಷೆಯನ್ನು ಮಾಡಿದವರು ಹೆಂಗಸರು.

ಆದಿಲ್ ಶಾಹಿಗಳು ನೀರಿನ ಬೆಲೆಯನ್ನು ಅರಿತಿದ್ದರು. ತಿಕೋಟಾಕ್ಕೆ ಹೋಗುವ ದಾರಿಯ ಕಡೆಗೆ ತೊರವಿಯುಂಟು. ಮೊದಲನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಅಲ್ಲಿಂದ ನೆಲದೊಳಗಿನ ಸುರಂಗದಲ್ಲಿ ನೀರನ್ನು ರಾಜಧಾನಿಗೆ ತಂದರು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹನು ಬೇಗಂ ತಲಾಬನ್ನು ಕಟ್ಟಿಸಿದನು. ಬಬಲೇಶ್ವರದ ಕಡೆಯ ಮಮದಾಪುರದ ದೊಡ್ಡ ಕೆರೆಯೂ ಅವನ ಕಾಲದ್ದೇ. ನೀರು ಬಂದಲ್ಲಿ ಬಾಗು, ಬಾಗು ಇದ್ದಲ್ಲಿ ಹೊಸ ಗಿಡ. ಪಟ್ಟಣದ ಆ ನೀರು ಹಳ್ಳಿಯ ಹೊಲವನ್ನು ಮುಟ್ಟಲಿಲ್ಲ. 1933ರ ಸುಮಾರಿನಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರವೊಂದು ವಿಜಯಪುರದಲ್ಲಿ ಆರಂಭವಾದಾಗ, ಹೊಲದ ಪರೀಕ್ಷೆಯ ನಷ್ಟವನ್ನು ಸರ್ಕಾರ ಹೊರುವುದೆಂಬ ಭಾವನೆ ಮೊದಲ ಬಾರಿಗೆ ಈ ನೆಲಕ್ಕೆ ಬಂದಿತು. ಇಂದು ತಿಕೋಟಾದ ಸುತ್ತ ದ್ರಾಕ್ಷಿಯ ಚಪ್ಪರಗಳು ಹಬ್ಬಿವೆ; ಹಣ್ಣನ್ನು ಒಣಗಿಸಿ ಮಣೂಕವನ್ನು ದೂರದ ಪೇಟೆಗಳಿಗೆ ಕಳುಹಿಸುತ್ತಾರೆ. ಮಳೆ ಕೈಕೊಟ್ಟ ವರ್ಷ ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿಯ ಬುಡಕ್ಕೆ ಹಾಕಿ ಉಳಿಸಿಕೊಂಡವರುಂಟು. ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ–ಬಬಲೇಶ್ವರ ಯೋಜನೆಯಿಂದ ಕೆರೆಗಳಿಗೆ ನೀರು ಬರತೊಡಗಿದ ಮೇಲೆ ಈ ಕಡೆಯ ಒಕ್ಕಲಿಗನ ಧೈರ್ಯವೂ ಹೆಚ್ಚಿದೆ. ನೀರು ಖಚಿತವಾದರೆ ಮಡಿವಂತಿಕೆ ತಾನಾಗಿ ಸಡಿಲುತ್ತದೆಂಬುದನ್ನು ತಿಕೋಟಾದ ಚಪ್ಪರಗಳ ಕೆಳಗೆ ನಿಂತವರಿಗೆ ಹೇಳಬೇಕಾದುದಿಲ್ಲ.

ನಮ್ಮ ಜುಕಿನಿಯ ಕಥೆಯನ್ನು ಮುಗಿಸಿಬಿಡುತ್ತೇವೆ. ಅದನ್ನು ಮೊದಲು ಪುಸ್ತಕದಲ್ಲಿದ್ದಂತೆ ಬೇಯಿಸಿದೆವು. ಯಾರೂ ಎರಡನೆಯ ಬಾರಿ ಬಡಿಸಿಕೊಳ್ಳಲಿಲ್ಲ. ಬಳಿಕ ಒಂದು ದಿನ ನಾವು ಕಾಲೇಜಿನಿಂದ ಬರುವ ಹೊತ್ತಿಗೆ ತಾಯಿಯವರು ಅದನ್ನು ಎಳೆಯದಾಗಿ ಕೊಯ್ದು, ಹೊಟ್ಟೆ ಸೀಳಿ, ಶೇಂಗಾ ಪುಡಿ, ಗುರೆಳ್ಳು, ಕೆಂಪು ಖಾರ ತುಂಬಿ ಎಣ್ಣೆಗಾಯಿ ಮಾಡಿದ್ದರು. ರೊಟ್ಟಿಯ ಜೊತೆಗೆ ಅದು ಬದನೆಯ ತಮ್ಮನೆಂದೇ ತೋರಿತು. ಪಕ್ಕದ ಮನೆಯ ಗೃಹಿಣಿ ಬಟ್ಟಲು ಹಿಡಿದು ಬಂದು, “ನಿಮ್ಮ ಸೀಮಿ ಸೌತಿಕಾಯಿ ಎರಡು ಕೊಡ್ರಿ ವೈನಿ,” ಎಂದು ಕೇಳಿದಾಗಲೇ ಅದಕ್ಕೆ ನಾಮಕರಣವಾಗಿ ಹೋಗಿದೆಯೆಂದು ನಮಗೆ ತಿಳಿದುದು. ಬಳ್ಳಿಯ ಬುಡದ ಹತ್ತಿರ ಒಂದು ಕಾಯಿಗೆ ಕೆಂಪು ಬಟ್ಟೆಯ ಚೂರನ್ನು ಕಟ್ಟಿದ್ದರು. ಅದನ್ನು ಯಾರೂ ಕೊಯ್ಯಬಾರದು, ಬೀಜಕ್ಕೆ ಬಿಟ್ಟುದು. ಪೊಟ್ಟಣದ ಬೀಜ ಸಂಕರತಳಿಯದು, ಮರುವರ್ಷ ಅದೇ ಕಾಯಿ ಬಿಡುವುದೆಂಬ ನೆಚ್ಚಿಕೆಯಿಲ್ಲವೆಂದು ನಾವು ಹೇಳಬೇಕೆಂದಿದ್ದೆವು. ಹೇಳಲಿಲ್ಲ. ಕಾಯಿ ಬಲಿತು ಹಳದಿಯಾದ ಮೇಲೆ ಅವರು ಬೀಜವನ್ನು ತೆಗೆದು, ಬಚ್ಚಲ ಒಲೆಯ ಬೂದಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಒಣಗಿಸಿ, ಹಾಗಲ ಹೀರೆಗಳ ಬೀಜದ ಗಂಟಿನ ಪಕ್ಕದಲ್ಲಿಯೇ ಕಟ್ಟಿಟ್ಟಿದ್ದಾರೆ.